ತಿರುವಿ ನೋಡದ ಸೆರಗು

ನನ್ನ ಮಗ ಎಡಚ. ಉಣ್ಣುವುದೊಂದನ್ನು ಬೈದು ಬಡಿದು ಬಲಗೈಗೆ ಕಲಿಸಿದೆವು. ಉಳಿದದ್ದೆಲ್ಲ ಎಡಗೈಯಲ್ಲೇ ಉಳಿಯಿತು. ಲಾಳಿ ಎಸೆಯುವುದು, ಬೀಡಿ ಹಚ್ಚುವುದು, ಸೈಕಲ್ಲಿನ ಗಂಟೆ ಬಾರಿಸುವುದು, ಎಲ್ಲವೂ ಎಡ. ನನಗೆ ಅದು ಎಂದೂ ಸರಿಬರಲಿಲ್ಲ. ಎಡಗೈಯವರನ್ನು ನಂಬಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ, ಆದರೆ ನನ್ನ ತಲೆಯಲ್ಲಿ ಮಾತ್ರ ಯಾರೋ ಬರೆದಿಟ್ಟಿದ್ದರು.

ಇಳಕಲ್ಲಿನಲ್ಲಿ ನಮ್ಮದು, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಎರಡು ಕುಣಿಮಗ್ಗಗಳ ಮನೆ. ಒಂದರಲ್ಲಿ ನಾನು, ಎದುರಿನದರಲ್ಲಿ ಅವನು, ನಡುವೆ ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುತ್ತ ಕೂತ ನನ್ನ ಹೆಂಡತಿ. ಸಾವಕಾರರೊಬ್ಬರು ರೇಷ್ಮೆ ಕೊಡುತ್ತಿದ್ದರು, ನಾವು ನೇಯ್ದು ಸೀರೆ ಒಪ್ಪಿಸುತ್ತಿದ್ದೆವು. ನಾನು ಮುಲ್ಕಿ ಪರೀಕ್ಷೆ ಪಾಸಾದವನು. ಓಣಿಯವರ ಅರ್ಜಿ ಬರೆದುಕೊಡುತ್ತಿದ್ದೆ, ಪತ್ರ ಓದಿ ಹೇಳುತ್ತಿದ್ದೆ. ಹಾಗಾಗಿ ನನ್ನ ಬುದ್ಧಿಯ ಮೇಲೆ ನನಗೆ ಸಣ್ಣದಲ್ಲದ ಅಭಿಮಾನವಿತ್ತು. ಇನ್ನೊಬ್ಬರ ಮುಖ ನೋಡಿದರೆ ಹೊಟ್ಟೆಯೊಳಗಿನದು ತಿಳಿಯುತ್ತದೆ ಎಂದು ಹೇಳಿಕೊಂಡು ಓಡಾಡುತ್ತಿದ್ದೆ.

ಮುಂದಿನದು ತಿಳಿಯಬೇಕಾದರೆ ನಮ್ಮ ಕಸುಬಿನ ಒಂದು ಸಂಗತಿ ಹೇಳಬೇಕು. ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳಿಗೆ ಹಾಸು ಎನ್ನುತ್ತೇವೆ. ನಮ್ಮೂರ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸೆರಗಿಗೆ ಕೆಂಪು ರೇಷ್ಮೆಯೇ ಆಗಬೇಕು. ಈ ಎರಡರ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ಸಾವಿರಾರು ಎಳೆ, ಪ್ರತಿ ಸೀರೆಗೂ ಹೊಸದಾಗಿ. ನಮ್ಮ ಮನೆಯಲ್ಲಿ ಎಳೆಯನ್ನು ಒಂದು ಸುತ್ತು ಹೆಚ್ಚು ಹೊಸೆಯುವ ರೂಢಿ, ನಮ್ಮಪ್ಪ ಹಾಕಿಕೊಟ್ಟದ್ದು. ಕೊಂಡಿ ನೋಡಿ ಇದು ಇಂಥವರ ಮನೆಯದು ಎಂದು ಊರಿನ ಹಳಬರು ಹೇಳಿಬಿಡುತ್ತಿದ್ದರು. ಆದರೆ ಮನೆಯೊಳಗೆ ಯಾರದೆಂದು ಹೇಳುವುದು ನಮಗಷ್ಟೇ ಸಾಧ್ಯ. ಕೊಂಡಿ ಹಾಕಿದ ಮೇಲೆ ಉಳಿದ ತುದಿಯನ್ನು ಬೆರಳಿನಿಂದ ಒತ್ತಿ ಪಕ್ಕಕ್ಕೆ ಮಲಗಿಸಬೇಕು. ನಾನು ಬಲಕ್ಕೆ ಮಲಗಿಸುತ್ತೇನೆ, ಎಡಚನಾದ ನನ್ನ ಮಗ ಎಡಕ್ಕೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸಾವಕಾರರ ಕೋಣೆಯಿಂದ ಬಣ್ಣ ಹಾಕಿ ತಂದಿಟ್ಟಿದ್ದ ರೇಷ್ಮೆಯ ದೊಡ್ಡ ಗಂಟೊಂದು ಕಳುವಾಯಿತು. ಕೀಲಿ ಒಡೆದಿರಲಿಲ್ಲ. ಅಂದರೆ ಒಳಗೆ ಹೋಗಿಬರುವ ಸಲಿಗೆ ಇದ್ದವರದೇ ಕೆಲಸ. ಸಾವಕಾರರ ಗುಮಾಸ್ತ ಎಲ್ಲರ ಮುಂದೆ ನನ್ನ ಮಗನ ಹೆಸರು ತೆಗೆದ. ಅದಕ್ಕೆ ಮೊದಲಿನ ವಾರವಷ್ಟೇ ನನ್ನ ಮಗ, ನೀ ರೇಷ್ಮಿ ತೂಗಿ ಕೊಡೋದರಾಗ ಮೋಸ ಮಾಡ್ತಿ ಎಂದು ಅವನ ಜೊತೆ ಜಗಳವಾಡಿದ್ದ. ಜಗಳವಾಡಿದವನು ಕದ್ದಾನು ಎಂಬ ಮಾತು ನನಗೂ ಸರಿಯೆನ್ನಿಸಿತು. ಆದರೆ ಸಾಕ್ಷಿ ಇರಲಿಲ್ಲ, ಮಾತು ಅಲ್ಲಿಗೇ ನಿಂತಿತು.

ತಿಂಗಳು ಕಳೆದಿರಬೇಕು. ಅದೇ ಗುಮಾಸ್ತ ನಮ್ಮ ಮನೆಗೆ ಬಂದ. ಅವನ ಮೈದುನನ ಮಗ್ಗಕ್ಕೆ ಕೊಂಡಿ ಹಾಕುವವರಿಲ್ಲ, ಮೈದುನನ ಹೆಂಡತಿ ಬಾಣಂತನಕ್ಕೆ ಹೋಗಿದ್ದಾಳೆ ಅಂದ.

"ಕಾಕಾ, ನಿಮ್ಮಂಥಾ ಕೈ ಈ ಊರಾಗ ಇನ್ನೊಂದಿಲ್ರಿ. ಒಂದು ಸೀರಿಗಿ ಹಾಕಿಕೊಡ್ರಿ, ನಮ್ಮ ಮನಿಗಿ ಒಂದು ಮರ್ಯಾದಿ."

ಹೊರಗಿನವರ ಮಗ್ಗಕ್ಕೆ ನಾನು ಕೈ ಹಚ್ಚುತ್ತಿರಲಿಲ್ಲ. ಆದರೆ ಹೊಗಳಿಕೆ ಯಾರಿಗೆ ಬೇಡ. ಹೋದೆ. ಒಡಲಿನ ಹಾಸಿಗೆ ಹಳೆಯ ಧೋತರ ಸುತ್ತಿಟ್ಟಿದ್ದರು, ಧೂಳು ಕೂಡಬಾರದು ಎಂದು. ಗೇಣುದ್ದ ತುದಿಯಷ್ಟೇ ಹೊರಗಿತ್ತು, ಅದರ ಬಣ್ಣವೂ ಬಳಿದ ಗಂಜಿಯಲ್ಲಿ ಮಂಕಾಗಿತ್ತು. ಎರಡು ದಿನ ಕೂತು ಹಾಕಿಕೊಟ್ಟೆ, ಅವರು ಕೊಟ್ಟ ಚಹಾ ಕುಡಿದೆ, ಮನೆಗೆ ಬಂದು ಆ ಸಂಗತಿಯನ್ನೇ ಮರೆತೆ. ಹಾಲು ಮಾರುವವಳು ನೀರು ಬೆರೆಸುತ್ತಾಳೆಂದು ಬೆರಳದ್ದಿ ನೋಡುವ ನಾನು ಆ ಧೋತರವನ್ನು ಸರಿಸಿ ನೋಡಲಿಲ್ಲ.

ಬಳಿಕ ಬಾದಾಮಿಯ ಒಂದು ಬಟ್ಟೆ ಅಂಗಡಿಯಲ್ಲಿ ಸಾವಕಾರರಿಗೆ ಒಂದು ಸೀರೆ ಕಣ್ಣಿಗೆ ಬಿತ್ತು. ಬಣ್ಣ ನೋಡಿದೊಡನೆ ಇದು ತಮ್ಮದೇ ರೇಷ್ಮೆ ಎಂದರು. ಅಂಗಡಿಯವನನ್ನು ಕೇಳಿದರೆ ಇಳಕಲ್ಲಿನ ಕಡೆಯವ ಯಾರೋ ತಂದುಕೊಟ್ಟ, ಮುಖ ನೆನಪಿಲ್ಲ ಎಂದ. ಸೀರೆ ಹುನಗುಂದದ ಪೊಲೀಸ್ ಠಾಣೆಗೆ ಬಂತು. ಗುಮಾಸ್ತ ಸೆರಗು ಬಿಡಿಸಿ, ಈ ಕೊಂಡಿ ಇಂಥವರ ಮನೆಯದು ಎಂದ. ಅವತ್ತೇ ಪೊಲೀಸರು ಬಂದು ಮಗ್ಗದ ಕುಣಿಯೊಳಗೆ ಕೂತಿದ್ದ ಮಗನನ್ನು ಎಬ್ಬಿಸಿ ಕರೆದುಕೊಂಡು ಹೋದರು. ಅವನು ಲಾಳಿಯನ್ನು ಹಾಸಿನ ಮೇಲೆ ಮೆಲ್ಲಗೆ ಇಟ್ಟು, ಎದ್ದು, ಚಪ್ಪಲಿ ಮೆಟ್ಟಿಕೊಂಡ. ಏನೂ ಕೇಳಲಿಲ್ಲ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಏನೂ ಮಾಡದವನು ಇಷ್ಟು ಸುಮ್ಮನೆ ಹೋಗುತ್ತಾನೆಯೇ ಎಂದುಕೊಂಡೆ.

ಮರುದಿನ ನನಗೂ ಬುಲಾವು ಬಂತು. ಹುನಗುಂದ ಠಾಣೆಯ ಒಳಕೋಣೆಯಲ್ಲಿ ಹಗಲಲ್ಲೂ ಮಬ್ಬು. ಫೌಜದಾರರು ಮೇಜಿನ ಮೇಲೆ ಸೀರೆಯ ಸೆರಗನ್ನು ಒಂದು ಗೇಣು ಬಿಡಿಸಿ ಇಟ್ಟಿದ್ದರು. ನಾನು ಕೈ ಚಾಚಿದೆ.

"ಮುಟ್ಟಬ್ಯಾಡ. ಕೋರ್ಟಿಗೆ ತೋರ್ಸೋ ಮುದ್ದೆಮಾಲು ಐತಿ ಅದು. ದೂರದಿಂದ ನೋಡಿ ಹೇಳು. ಈ ಕೊಂಡಿ ನಿಮ್ಮ ಮನೀದು ಹೌದೋ ಅಲ್ಲೋ?"

ಬಗ್ಗಿ ನೋಡಿದೆ. ಒಂದು ಸುತ್ತು ಹೆಚ್ಚು ಹೊಸೆದ ಎಳೆ. ನಮ್ಮಪ್ಪನ ರೂಢಿ. ತುದಿಗಳೆಲ್ಲ ಸಾಲಾಗಿ ಎಡಕ್ಕೆ ಮಲಗಿದ್ದವು.

"ಹೌದ್ರಿ ಸಾಹೇಬ್ರ. ನಮ್ಮ ಮನೀದ."

"ಯಾರ ಕೈ?"

ಅಲ್ಲಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ನನ್ನನ್ನು ಯಾರೂ ಹೊಡೆದಿರಲಿಲ್ಲ, ಹೆದರಿಸಿರಲಿಲ್ಲ. ಆದರೆ ಬಲ್ಲವನೆನ್ನಿಸಿಕೊಳ್ಳುವ ಚಟ ಇತ್ತಲ್ಲ.

"ನನ್ನ ಮಗಂದು ಸಾಹೇಬ್ರ. ಎಡಗೈ ಕೊಂಡಿ."

ಫೌಜದಾರರು ಬರೆದುಕೊಂಡರು, ನಾನು ಕೆಳಗೆ ಸಹಿ ಮಾಡಿದೆ. ನನ್ನ ಸಹಿ ಚೆಂದ. ಅದನ್ನು ನೋಡಿ ಅವರು ಎಷ್ಟನೇ ಇಯತ್ತೆ ಓದಿದ್ದೀ ಎಂದು ಕೇಳಿದರು. ನಾನು ಅದಕ್ಕೂ ಉತ್ತರ ಹೇಳಿದೆ.

ಆಚೆ ಕೋಣೆಯಲ್ಲಿ ಮಗ ಗೋಡೆಗೆ ಒರಗಿ ಕೂತಿದ್ದ. ಹಿಂದಿನ ದಿನ ಅವನಿಗೂ ಸೀರೆ ತೋರಿಸಿ ಕೇಳಿದ್ದರಂತೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಏಟು ಬಿದ್ದರೂ ಬಾಯಿ ಬಿಡಲಿಲ್ಲ ಎಂದು ಪೊಲೀಸನೊಬ್ಬ ಹೇಳಿದ. ಅಷ್ಟು ಸಾಕಾಯಿತು ನನಗೆ. ಕದಿಯದವನು ಅಲ್ಲ ಎನ್ನುತ್ತಾನೆ, ಕೂಗಾಡುತ್ತಾನೆ, ಕಾಲಿಗೆ ಬೀಳುತ್ತಾನೆ. ಇವನು ಬಾಯಿ ಹೊಲಿದುಕೊಂಡಿದ್ದಾನೆ ಎಂದರೆ ಏನರ್ಥ. ಅವನು ತಲೆಯೆತ್ತಿ ನನ್ನನ್ನು ಬಹಳ ಹೊತ್ತು ನೋಡಿದ. ನಾನು ಮುಖ ತಿರುಗಿಸಿದೆ.

ಜಾಮೀನಿಗೆ ನಾನು ಸಹಿ ಹಾಕಲಿಲ್ಲ. ಹೆಂಡತಿ ಎರಡು ದಿನ ಒಲೆ ಹಚ್ಚಲಿಲ್ಲ, ಮೂರನೆಯ ದಿನ ಬೇವೂರಿಗೆ ಹೋಗಿ ತನ್ನ ಅಣ್ಣನನ್ನು ಕರೆತಂದಳು. ಅವನೇ ವಕೀಲರನ್ನು ಹಿಡಿದು, ಜಾಮೀನು ನಿಂತು, ಹುಡುಗನನ್ನು ಬಿಡಿಸಿ ತಂದ. ಹೊಸ್ತಿಲಲ್ಲಿ ನಿಂತು ನನ್ನನ್ನು ಕೇಳಿದ:

"ನೀವು ಹಡದವ್ರೋ, ಫೌಜದಾರರೋ?"

ಹೆಂಡತಿ ಮಗನ ಮೈ ಮೇಲಿನ ಬಾವುಗಳಿಗೆ ಅರಿಶಿನ ಹಚ್ಚುತ್ತ, ನನಗೆ ಕೇಳಲಿ ಎಂದೇ ಹೇಳಿದಳು: "ಇಪ್ಪತ್ಮೂರು ವರ್ಷ ಕೂಡಿ ಉಂಡೀರಿ. ಒಂದು ಮಾತು ಅವನ್ನ ಕೇಳಬೇಕು ಅನ್ನಸಲಿಲ್ಲೇನ್ರಿ ನಿಮಗ."

ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾನೆ ಎಂದು ನನಗೆ ಗೊತ್ತಿತ್ತು. ನನಗೆ ಎಲ್ಲವೂ ಗೊತ್ತಿತ್ತು.

ಆಮೇಲಿನ ಒಂದೂವರೆ ವರ್ಷ ಒಂದೇ ಸೂರಿನ ಕೆಳಗೆ ಎದುರುಬದುರು ಕುಣಿಯಲ್ಲಿ ಕೂತು ನಾವಿಬ್ಬರೂ ಮಾತಿಲ್ಲದೆ ನೇಯ್ದೆವು. ಸಾವಕಾರರು ನನ್ನ ಮುಖ ನೋಡಿ ನನಗಷ್ಟೇ ರೇಷ್ಮೆ ಕೊಟ್ಟರು, ಅವನು ಬೇರೆ ಕಡೆಯಿಂದ ಹತ್ತಿ ನೂಲು ತಂದು ನೇಯುತ್ತಿದ್ದ. ನಾನು ಎದ್ದುಹೋಗುವಾಗ ನನ್ನ ಕಂಡಿಕೆಗಳನ್ನು ಎಣಿಸಿ ಹೋಗುತ್ತಿದ್ದೆ, ಬಂದ ಮೇಲೆ ಮತ್ತೆ ಎಣಿಸುತ್ತಿದ್ದೆ. ಒಂದೂ ಎಂದೂ ಕಡಿಮೆಯಾಗಲಿಲ್ಲ. ಅದರಿಂದ ನನ್ನ ಸಂಶಯವೇನೂ ಕಡಿಮೆಯಾಗಲಿಲ್ಲ, ಇವನು ಬಹಳ ಹುಷಾರಿ ಎಂದುಕೊಂಡೆ. ಅವನು ಸ್ನಾನಕ್ಕೆ ಹೋದಾಗ ಗೂಟಕ್ಕೆ ತೂಗುಹಾಕಿದ ಅಂಗಿಯ ಕಿಸೆ ನೋಡುತ್ತಿದ್ದೆ. ಬೀಡಿ ಕಟ್ಟು, ಬೆಂಕಿಪೊಟ್ಟಣ, ಬಾಗಲಕೋಟೆಯ ಟಾಕೀಜಿನ ಹರಿದ ಟಿಕೀಟು. ಅವನಾಗಿಯೇ ನಕ್ಕರೆ ಯಾಕೆ ನಕ್ಕ, ಸುಮ್ಮನಿದ್ದರೆ ಏನು ಯೋಚಿಸುತ್ತಿದ್ದಾನೆ. ಅವನು ನನ್ನನ್ನು ನೋಡುವ ರೀತಿಯೂ ಬದಲಾಗಿತ್ತು. ನಾನು ಹೊರಗೆ ಹೊರಟರೆ ತಲೆಯೆತ್ತಿ ನೋಡುತ್ತಿದ್ದ, ಯಾರಾದರೂ ನನ್ನನ್ನು ಹುಡುಕಿಕೊಂಡು ಬಂದರೆ ಲಾಳಿ ನಿಲ್ಲಿಸಿ ಕಿವಿಗೊಡುತ್ತಿದ್ದ. ನನ್ನ ಮೇಲೆ ಕಾವಲು ಹಾಕಿದ್ದಾನೆ, ನಾನು ಪೊಲೀಸರಿಗೆ ಇನ್ನೇನು ಹೇಳುತ್ತೇನೋ ಎಂದು ಹೆದರಿದ್ದಾನೆ ಎಂದು ನಾನು ತಿಳಿದೆ.

ಒಂದು ದಿನ ಕಿಸೆಯಲ್ಲಿ ಬಾದಾಮಿಯ ಬಸ್ ಟಿಕೀಟು ಸಿಕ್ಕಿತು. ವಾರ ಬಿಟ್ಟು ಮತ್ತೊಂದು. ಅವನಿಗೆ ಬಾದಾಮಿಯಲ್ಲಿ ಬಂಧುಗಳಿಲ್ಲ, ಗೆಳೆಯರಿಲ್ಲ. ಅಲ್ಲಿ ಇದ್ದದ್ದು ಕದ್ದ ಸೀರೆ ಕೊಂಡ ಅಂಗಡಿ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಮಾಧಾನವಾಯಿತು. ನಾನೆಂದದ್ದೇ ಖರೆಯಾಯಿತಲ್ಲ ಎಂಬ ಸಮಾಧಾನ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅಂದು ಅನ್ನಿಸಿದ್ದು ಹಾಗೆಯೇ.

ಮುಂದಿನ ಸಲ ಅವನು ಹೊರಟಾಗ, ಕೂಡಲಸಂಗಮಕ್ಕೆ ಹೋಗಿಬರುತ್ತೇನೆ ಎಂದು ಹೆಂಡತಿಗೆ ಹೇಳಿ ಹಿಂದೆ ಬಿದ್ದೆ. ತಲೆಗೆ ಟವೆಲ್ ಸುತ್ತಿಕೊಂಡು ಅವನ ಬಸ್ಸಿನ ಹಿಂದೆ ಬಂದ ಬಸ್ಸು ಹತ್ತಿದೆ. ಸಂಗಯ್ಯನ ಹೆಸರು ಹೇಳಿ ಮಗನ ಪತ್ತೇದಾರಿಗೆ ಹೊರಟ ಭಕ್ತ ನನ್ನಂಥವನು ಇನ್ನೊಬ್ಬನಿರಲಿಕ್ಕಿಲ್ಲ. ಬಾದಾಮಿಯಲ್ಲಿ ಇಳಿದು ನೆಟ್ಟಗೆ ಆ ಅಂಗಡಿಯ ಕಡೆ ಹೋದೆ. ನಾನು ಎಣಿಸಿದ್ದ ಹಾಗೇ ಅವನು ಅಲ್ಲಿದ್ದ. ಎದುರಿನ ಚಹಾದಂಗಡಿಯ ತಟ್ಟಿಯ ಹಿಂದೆ ನಿಂತು ನೋಡಿದೆ. ಮಾತು ಕೇಳಿಸುತ್ತಿರಲಿಲ್ಲ. ಮಗ ಕಟ್ಟೆಯ ಮೇಲೆ ಕೈಯೂರಿ ಏನೋ ಕೇಳುತ್ತಿದ್ದ. ಅಂಗಡಿಯವ ಬೇಜಾರಿನಿಂದ ಕೈ ಬೀಸಿದ. ಮಗ ಬಿಡಲಿಲ್ಲ. ತನ್ನ ಎಡಗೈಯನ್ನು ಕಿವಿಯ ಮಟ್ಟಕ್ಕೆ ಹಿಡಿದು ಎತ್ತರ ತೋರಿಸಿದ. ಆಮೇಲೆ ಕುತ್ತಿಗೆ ಮುಂದೆ ಚಾಚಿ, ಬೆನ್ನು ಬಾಗಿಸಿ, ಮೀಸೆಯ ಮೇಲೆ ಬೆರಳಾಡಿಸಿದ. ಅಂಗಡಿಯವ ಅವನನ್ನು ದಿಟ್ಟಿಸಿ ನೋಡಿ, ಅಲ್ಲ ಎಂಬಂತೆ ಎರಡು ಸಲ ತಲೆಯಾಡಿಸಿದ.

ಆಗ ನನ್ನ ಮಗನ ಮುಖ ಅರಳಿತು. ಅಂಗಡಿಯಿಂದ ಇಳಿದವನು ಅಗಸ್ತ್ಯ ತೀರ್ಥದ ದಂಡೆಗೆ ಹೋಗಿ ಮುಖ ತೊಳೆದು, ಬುತ್ತಿ ಬಿಚ್ಚಿ ರೊಟ್ಟಿ ತಿಂದ. ಎಷ್ಟೋ ತಿಂಗಳಿಂದ ಅವನು ಹಾಗೆ ಹಸಿದು ತಿಂದದ್ದನ್ನು ನಾನು ನೋಡಿರಲಿಲ್ಲ. ಮೆಟ್ಟಿಲ ಮೇಲೆ ದೂರದಲ್ಲಿ ಕೂತು ನಾನು ಲೆಕ್ಕ ಹಾಕಿದೆ. ನನ್ನ ಗುರುತು ಹಿಡಿಯುತ್ತೀಯಾ ಎಂದು ಇವನು ಕೇಳಿದ್ದಾನೆ, ಅಂಗಡಿಯವ ಇಲ್ಲ ಎಂದಿದ್ದಾನೆ, ಅದಕ್ಕೇ ಈ ಖುಷಿ. ನನ್ನ ಹಾಗೆ ಬೆನ್ನು ಬಾಗಿಸಿದ್ದು ನನ್ನನ್ನು ಅಣಕಿಸಲು. ಕೋರ್ಟಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದು ಅಲ್ಲೇ ನಿಶ್ಚಯ ಮಾಡಿದೆ.

ನನ್ನ ಸಾಕ್ಷಿಯ ದಿನ ಬಂತು. ಹುನಗುಂದದ ಕೋರ್ಟಿನಲ್ಲಿ ಕಟಕಟೆ ಹತ್ತಿದೆ. ಹೆಂಡತಿ ಹಿಂದಿನ ಬೆಂಚಿನ ಮೇಲೆ ಸೆರಗು ಹೊದ್ದು ಕೂತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ. ಗುಮಾಸ್ತ ಬಾಗಿಲ ಹತ್ತಿರ ನಿಂತಿದ್ದ. ಸರಕಾರಿ ವಕೀಲರು ಸೀರೆ ತರಿಸಿ, ಸಾಕ್ಷಿದಾರನಿಗೆ ತೋರಿಸು ಎಂದರು. ಪಟ್ಟೇವಾಲ ಮಡಿಕೆ ಬಿಡಿಸಿ, ಎರಡೂ ಕೈಗಳಿಂದ ಸೆರಗನ್ನು ಎತ್ತಿ ಹಿಡಿದ. ಕಿಟಕಿಯ ಬಿಸಿಲು ಅದರ ಮೇಲೆ ಬಿತ್ತು.

ಸೀರೆಯ ಅಂಚಿಗೆ ಚಿಕ್ಕಿ ಪರಾಸ ದಡಿ. ಅದರ ಚುಕ್ಕಿಗಳು ಹೊರಮಗ್ಗುಲಲ್ಲಿ ಎದ್ದು ಕಾಣುತ್ತವೆ, ಒಳಮಗ್ಗುಲಲ್ಲಿ ಮಂಕು. ನನ್ನೆದುರು ಚುಕ್ಕಿಗಳು ಎದ್ದು ಕಾಣುತ್ತಿದ್ದವು. ಕೊಂಡಿಯ ತುದಿಗಳು ಬಲಕ್ಕೆ ಮಲಗಿದ್ದವು.

ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ. ಬಲಕ್ಕೇ. ಠಾಣೆಯಲ್ಲಿ ಸೀರೆಯನ್ನು ಒಳಮಗ್ಗುಲು ಮೇಲೆ ಮಾಡಿ ಮಡಚಿ ಇಟ್ಟಿದ್ದರು. ಒಳಗಿನಿಂದ ನೋಡಿದರೆ ಬಲ ಎಡವಾಗುತ್ತದೆ, ಇದು ಕಂಡಿಕೆ ಸುತ್ತುವ ಹುಡುಗಿಗೂ ಗೊತ್ತು. ಮೂವತ್ತು ವರ್ಷ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ನನಗೆ, ಸಾಹೇಬ್ರ ಒಮ್ಮೆ ತಿರುವಿ ತೋರಸ್ರಿ ಎನ್ನಲು ಬಾಯಿ ಬಂದಿರಲಿಲ್ಲ. ಮಗನೇ ಕದ್ದಿದ್ದಾನೆ ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಹೋದವನಿಗೆ ತಿರುವಿ ನೋಡುವ ಜರೂರಿ ಕಂಡಿರಲಿಲ್ಲ. ಅದು ನನ್ನ ಕೈ. ನನ್ನ ಮನೆಯ ಹೊರಗೆ ನಾನು ಕೊಂಡಿ ಹಾಕಿದ್ದು ಒಂದೇ ಕಡೆ, ಒಂದೇ ಸಲ. ಹಳೆ ಧೋತರ ಸುತ್ತಿದ ಆ ಹಾಸು ಕಣ್ಣಿಗೆ ಕಟ್ಟಿತು. ಬಾಗಿಲ ಕಡೆ ನೋಡಿದೆ. ಗುಮಾಸ್ತ ಅಲ್ಲಿರಲಿಲ್ಲ.

"ಇದು ಯಾರ ಕೈ ಕೊಂಡಿ?" ಸರಕಾರಿ ವಕೀಲರು ಕೇಳಿದರು.

"ನಂದ್ರಿ."

ಅವರು ಕಾಗದ ನೋಡಿ, ನನ್ನನ್ನು ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಮಗ್ಗುಲು ತಪ್ಪಿ ನೋಡಿದ್ದು, ಯಾರ ಮಗ್ಗದಲ್ಲಿ ಹಾಕಿದ್ದು, ಯಾರು ಕರೆದದ್ದು. ಅವರಿಗೆ ನಗು ಬಂತು.

"ಠಾಣೆದಾಗ ನೀನ ಸಹಿ ಮಾಡಿ ಮಗಂದು ಅಂದಿ. ಈಗ ನಂದು ಅಂತಿ. ಮಗನ್ನ ಉಳಸಾಕ ಸುಳ್ಳು ಹೇಳಾಕತ್ತೀ, ಹೌದಿಲ್ಲೋ?"

"ಖರೇನ ಹೇಳಾಕತ್ತೇನ್ರಿ."

"ಯಾವ ತಂದಿ ತನ್ನ ಮಗ ಕಳ್ಳ ಅಂತ ಸುಳ್ಳು ಸಹಿ ಮಾಡ್ತಾನ?"

ಸಾಕ್ಷಿ ತಿರುಗಿಬಿದ್ದ ಎಂದು ಬರೆದುಕೊಂಡರು. ಇಡೀ ಕೋರ್ಟು ನನ್ನನ್ನು ಸುಳ್ಳುಗಾರನನ್ನು ನೋಡುವ ಹಾಗೆ ನೋಡಿತು. ನಾನು ಒಂದೂವರೆ ವರ್ಷ ನನ್ನ ಮಗನನ್ನು ನೋಡಿದ್ದು ಹೀಗೆಯೇ ಎಂದು ಕಟಕಟೆ ಇಳಿಯುವಾಗ ತಿಳಿಯಿತು. ಅವನ ಕಡೆ ನೋಡುವ ಧೈರ್ಯವಾಗಲಿಲ್ಲ.

ಒಂದು ತಿಂಗಳಿಗೆ ತೀರ್ಪು ಬಂತು. ಗುಮಾಸ್ತನಿಗೆ ಏನೂ ಆಗಲಿಲ್ಲ, ಅವನನ್ನು ಯಾರೂ ಕೇಳಲೂ ಇಲ್ಲ. ಸಾವಕಾರರು ನನಗೂ ರೇಷ್ಮೆ ಕೊಡುವುದನ್ನು ನಿಲ್ಲಿಸಿದರು. ನ್ಯಾಯಾಧೀಶರು ಓದಿದ ದೊಡ್ಡ ಕಾಗದದಲ್ಲಿ ನನಗೆ ತಿಳಿದದ್ದು ಕೊನೆಯ ಸಾಲಷ್ಟೇ: ಸಂಶಯದ ಲಾಭವನ್ನು ಆರೋಪಿಗೆ ಕೊಟ್ಟು ಬಿಡುಗಡೆ ಮಾಡಲಾಗಿದೆ. ಆ ಮನುಷ್ಯ ನನ್ನ ಮಗನನ್ನು ನಾಲ್ಕೈದು ಸಲ ನೋಡಿದ್ದರೆ ಹೆಚ್ಚು. ಅವರಿಗೆ ಅದನ್ನು ಕೊಡಲು ಸಾಧ್ಯವಾಯಿತು.

ಹೆಂಡತಿ ತನ್ನ ಅಣ್ಣನ ಜೊತೆ ಬೇವೂರಿಗೆ ಹೋದಳು. ಇಳಕಲ್ಲಿನ ಬಸ್ಸಿಗೆ ನಾವಿಬ್ಬರೇ ಹುನಗುಂದದ ಬಸ್ ನಿಲ್ದಾಣದಲ್ಲಿ ಕೂತೆವು. ಅವನು ಶೇಂಗಾ ಕೊಂಡು ಪೊಟ್ಟಣವನ್ನು ನಮ್ಮಿಬ್ಬರ ನಡುವೆ ಇಟ್ಟ. ಇಪ್ಪತ್ತೈದರ ಹತ್ತಿರ ಬಂದಿದ್ದ, ಕಿವಿಯ ಪಕ್ಕ ಆಗಲೇ ಎರಡು ಬಿಳಿ ಕೂದಲು ಇದ್ದವು. ಕೇಳಬೇಕಾದದ್ದನ್ನು ಕೊನೆಗೆ ಕೇಳಿದೆ.

"ಠಾಣೆದಾಗ ನಿನಗ ಸೀರಿ ತೋರಿಸಿದ್ರಲ್ಲ. ನಂದಲ್ಲ ಅಂತ ಯಾಕ ಹೇಳಲಿಲ್ಲೋ?"

ಅವನು ಶೇಂಗಾ ಸುಲಿಯುತ್ತಲೇ ಇದ್ದ. "ನನ್ನ ಮಾರೀಗೇ ಒಗದಿದ್ರು ಅದನ್ನ. ಕೈಯಾಗ ಹಿಡಕೊಂಡು ತಿರುವಿ ನೋಡಿದೆ."

"ಮತ್ತ?"

"ನಿನ್ನ ಕೈ ಇತ್ತಪ್ಪಾ. ನಂದಲ್ಲ ಅಂದಿದ್ರ, ಮತ್ತ ಯಾರದು ಅಂತ ಕೇಳ್ತಿದ್ರು."

ಬಾದಾಮಿಯಲ್ಲಿ ಅವನು ಕುತ್ತಿಗೆ ಚಾಚಿ ಬೆನ್ನು ಬಾಗಿಸಿದ್ದು ನೆನಪಾಯಿತು.

"ಬಾದಾಮಿ ಅಂಗಡ್ಯಾಗ..."

"ಹೂಂ, ಹೋಗಿದ್ದೆ. ಸೀರಿ ತಂದವ ಮುದುಕಾ ಇದ್ನೇನು, ಬೆನ್ನು ಬಾಗಿತ್ತೇನು ಅಂತ ಕೇಳಿದೆ. ಅಲ್ಲ ಅಂದ. ಅವತ್ತ ಸ್ವಲ್ಪ ಹಗುರಾತು. ಆದ್ರೂ ನೀ ಯಾರ ಕೈಲಿ ಕಳಿಸಿದ್ದಿಯೋ ಅಂತ ಒಂದು ಅಂಜಿಕಿ ಇದ್ದ ಇತ್ತು."

"ಅಂದ್ರ ನಾನ ಕದ್ದೇನಿ ಅಂತ ತಿಳಕೊಂಡಿದ್ದಿ?"

"ಹೂಂ."

"ಮತ್ತ ನಾ ನಿನ್ನ ಹೆಸರು ಹೇಳಿ ಸಹಿ ಮಾಡಿದಾಗ?"

ಅವನು ತೊಡೆಯ ಮೇಲಿನ ಸಿಪ್ಪೆ ಕೊಡವಿದ. "ನಾ ಎಲ್ಲಿ ನಿನ್ನ ಹೆಸರು ಹೇಳ್ತೀನೋ ಅಂತ ಅಂಜಿ ಹಂಗ ಮಾಡೀಯಂತ ತಿಳಿದೆ. ಅಪ್ಪ ಇಷ್ಟಕ್ಕ ಬಂದಾನಂದ್ರ ಭಾಳ ಅಡಚಣ್ಯಾಗ ಇರಬೇಕು ಅಂದ್ಕೊಂಡೆ. ಅದೇನಂತ ಕೇಳಾಕ ನನಗ ಬಾಯಿ ಬರಲಿಲ್ಲ."

ಇಳಕಲ್ಲಿನ ಬಸ್ಸು ಬಂತು. ಜನ ನುಗ್ಗಿದರು. ಅವನು ಕಿಟಕಿಯೊಳಗೆ ಕೈ ಹಾಕಿ ಸೀಟಿನ ಮೇಲೆ ಟವೆಲ್ ಒಗೆದು, ಎಡಗೈ ಚಾಚಿ ನನ್ನ ರಟ್ಟೆ ಹಿಡಿದು ಮೇಲೆ ಹತ್ತಿಸಿದ. ಸೀಟು ಒಂದೇ ಸಿಕ್ಕಿತು. ನನ್ನನ್ನು ಕೂರಿಸಿ ತಾನು ಪಕ್ಕದಲ್ಲಿ ನಿಂತ. ನೀ ಕೂಡು ಎಂದು ಎಷ್ಟು ಹೇಳಿದರೂ ಕೂರಲಿಲ್ಲ. ಊರು ಬರುವ ತನಕ ನಾನು ಕಿಟಕಿಯ ಕಡೆಗೆ ಮುಖ ಮಾಡಿ ಅತ್ತೆ. ಅವನಿಗೆ ಕಾಣಿಸಿರಬೇಕು, ಆದರೆ ಯಾಕೆ ಎಂದು ಅವನು ಕೇಳಲಿಲ್ಲ.